ನೆಲ ಡೊಂಕು

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಪಾಪ, ಆ ಹೆಣ್ಣುಮಗಳು ಅಂದಿನಿಂದ ಇಂದಿನವರೆಗೂ ಎಲ್ಲರ ನಗೆಗೆ ಗುರಿಯಾಗಿದ್ದಾಳೆ. ಆದರೆ ಆ ನೆಲದ ಮೇಲೆ ರಸಮಟ್ಟವನ್ನಿಟ್ಟು ಅದು ನಿಜವಾಗಿ ಡೊಂಕಾಗಿತ್ತೋ ಇಲ್ಲವೋ ಎಂದು ನೋಡಿದವರು ಯಾರೂ ಇದ್ದಂತೆ ಕಾಣೆ. ನೆಲವೂ ಡೊಂಕಾಗಿದ್ದು, ಅವಳಿಗೆ ಕುಣಿಯಲೂ ಬಾರದೆ ಇದ್ದಿರಬಹುದಲ್ಲವೆ? ಎರಡೂ ಒಟ್ಟಿಗೆ ನಿಜವಾಗಬಾರದೆಂಬ ನಿಯಮವೇನಾದರೂ ಉಂಟೆ? ಈ ಸಂದೇಹ ನನಗೆ ತರಗತಿಯಲ್ಲಿ ಹುಟ್ಟಿದ್ದಲ್ಲ. ಈ ವರ್ಷ ನಮ್ಮ ಕಾಲೇಜಿನ ಹಾಕಿ ತಂಡ ಆಡಿದ ಮೊದಲ ಮೂರು ಪಂದ್ಯಗಳಲ್ಲಿ ಬಲಗಡೆಯ ಬ್ಯಾಕಾಗಿ ನಿಂತು, ಓಡಿ, ಬಿದ್ದು, ಎದ್ದ ಮೇಲೆ ಹುಟ್ಟಿದ್ದು.

ಆ ಮೂರು ಪಂದ್ಯಗಳ ಫಲಿತಾಂಶ ಈ ಸಂಚಿಕೆಯನ್ನು ಓದುವ ಮಿತ್ರರಿಗೆಲ್ಲ ತಿಳಿದೇ ಇದೆ. ಆದರೂ ಮುಚ್ಚುಮರೆಯಿಲ್ಲದೆ ಮೊದಲೇ ಹೇಳಿಬಿಡುತ್ತೇನೆ. ಮೊದಲನೆಯದನ್ನು 0-7ರಿಂದ ಸೋತೆವು. ಎರಡನೆಯದನ್ನು 1-4ರಿಂದ ಸೋತೆವು. ಮೂರನೆಯದನ್ನು 1-2ರಿಂದ ಸೋತೆವು. ಮೊದಲ ಪಂದ್ಯವಾದ ಮರುದಿನದಿಂದ ಹಾಸ್ಟೆಲಿನ ಗೆಳೆಯರು ನಮ್ಮನ್ನು ಬೆಳಿಗ್ಗೆ ಎಬ್ಬಿಸುವ ರೀತಿಯೇ ಬದಲಾಯಿತು. "ಏಳಪ್ಪಾ ಏಳು, ಏಳಕ್ಕೇ ಏಳು!" ಎಂದು ಬಾಗಿಲು ತಟ್ಟುವರು. ಕನ್ನಡದಲ್ಲಿ ಈ ಎರಡಕ್ಷರದ ಮಾತಿಗೆ ಎರಡು ಅರ್ಥವಿರುವುದು ಎಂಥ ಅನನುಕೂಲವೆಂದು ನಮಗೆ ಆಗ ಅರಿವಾಯಿತು.

ಚನ್ನರಾಯಪಟ್ಟಣಕ್ಕೂ ಹಾಕಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಅವರ ಮೇಲೆ ಕೋಪಿಸಿಕೊಳ್ಳುವಂತಿಲ್ಲ. ನಮ್ಮದು ಕಬಡ್ಡಿಯ ಸೀಮೆ. ರಾಗಿಯ ಕೊಯ್ಲು ಮುಗಿದ ಹೊಲದಲ್ಲಿ, ತೆಂಗಿನ ತೋಟದ ಅಂಚಿನಲ್ಲಿ, ದೇವಸ್ಥಾನದ ಮುಂದಿನ ಬಯಲಿನಲ್ಲಿ, ಎಲ್ಲಿ ನಾಲ್ಕು ಗೆರೆ ಎಳೆಯಲು ಜಾಗ ಸಿಕ್ಕಿದರೂ ಅಲ್ಲಿ ಕಬಡ್ಡಿ ನಡೆಯುತ್ತದೆ. 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಗಳವಿದ್ದರೆ ಗಂಡಸರ ಪಂದ್ಯವನ್ನೇ ಆಡಿಸಬಹುದು. ಹಾಕಿಗಾದರೋ 91.4 ಮೀಟರ್ ಉದ್ದ, 55 ಮೀಟರ್ ಅಗಲದ ಸಮತಟ್ಟಾದ ಮೈದಾನ ಬೇಕು. ಆಳಿಗೊಂದು ಸ್ಟಿಕ್ಕು, ಮೊಣಕಾಲಿಗೆ ರಕ್ಷೆ, ಗೋಲ್‌ಕೀಪರಿಗೆ ಯುದ್ಧಕ್ಕೆ ಹೊರಟವನಷ್ಟು ಕವಚ ಬೇಕು.

ಹೀಗಿದ್ದರೂ ನಮ್ಮಲ್ಲಿ ತಂಡ ಕಟ್ಟಲ್ಪಟ್ಟಿತೆಂದರೆ ಅದಕ್ಕೆ ಕಾರಣ ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆಯಿಂದ ಬಂದು ಸೇರಿದ ಒಬ್ಬ ಸಹಪಾಠಿ. ಕಾವೇರಿಯ ದಡದ ಆ ಊರಿನಿಂದ ಕೊಡಗು ದೂರವಲ್ಲ. ಅವನು ಪಿ.ಯು.ಸಿ.ಯನ್ನು ಕುಶಾಲನಗರದಲ್ಲಿ ಓದಿದವನು. ಅಲ್ಲಿಂದ ಪುಸ್ತಕಗಳೊಡನೆ ಒಂದು ಸ್ಟಿಕ್ಕನ್ನೂ, ತೀರದ ಒಂದು ಹುಚ್ಚನ್ನೂ ತಂದಿದ್ದ. ಕೊಡಗಿನಲ್ಲಿ ಹಾಕಿ ಎಂದರೆ ಮನೆತನದ ಮಾತು ಎಂದು ಅವನು ಹೇಳಿದಾಗ ನಾವು ಅತಿಶಯೋಕ್ತಿ ಎಂದುಕೊಂಡೆವು. ಅದು ಅತಿಶಯೋಕ್ತಿಯಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಉತ್ಸವವೊಂದನ್ನು ಆರಂಭಿಸಿದರು. ಒಂದೊಂದು ಕುಟುಂಬಕ್ಕೆ ಒಂದೊಂದು ತಂಡ. ಅಜ್ಜನೂ ಮೊಮ್ಮಗನೂ, ಅತ್ತೆಯೂ ಸೊಸೆಯೂ ಒಂದೇ ತಂಡದಲ್ಲಿ ಆಡುವುದುಂಟು. ವರ್ಷಕ್ಕೊಂದು ಕುಟುಂಬ ಅದರ ಹೊಣೆ ಹೊರುತ್ತದೆ. 2024ರಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ಕುಟುಂಬಗಳ ತಂಡಗಳು ಹೆಸರು ಕೊಟ್ಟು ಅದು ಗಿನ್ನೆಸ್ ದಾಖಲೆಯ ಪುಸ್ತಕಕ್ಕೂ ಏರಿತು. ಇಂಥ ಸೀಮೆಯ ಗಾಳಿ ಕುಡಿದು ಬಂದವನು ನಮ್ಮ ಮೈದಾನದಲ್ಲಿ ಒಬ್ಬನೇ ಚೆಂಡು ಹೊಡೆಯುತ್ತ ನಿಲ್ಲುವುದನ್ನು ಹದಿನೈದು ದಿನ ನೋಡಿದೆವು. ಹದಿನಾರನೆಯ ದಿನ ಕಬಡ್ಡಿ ತಂಡದಿಂದ ಐವರು, ವಾಲಿಬಾಲಿನಿಂದ ಮೂವರು, ಯಾವ ಆಟಕ್ಕೂ ಸೇರದೆ ಉಳಿದಿದ್ದ ನನ್ನಂಥವರು ಕೆಲವರು ಅವನೊಡನೆ ಸೇರಿದೆವು. ದೈಹಿಕ ಶಿಕ್ಷಣದ ಅಧ್ಯಾಪಕರು ಉಗ್ರಾಣದಲ್ಲಿದ್ದ ಹಳೆಯ ಸ್ಟಿಕ್ಕುಗಳನ್ನು ಹೊರಗೆ ತೆಗೆಸಿದರು. ತಂಡವಾಯಿತು.

ಹಾಕಿಯ ಪರಿಚಯವಿಲ್ಲದ ಓದುಗರಿಗಾಗಿ ಒಂದೆರಡು ಮಾತು ಹೇಳಬೇಕು. ಇಲ್ಲವಾದರೆ ನಮ್ಮ ಸೋಲಿನ ಸ್ವಾರಸ್ಯ ತಿಳಿಯದು. ಈ ಆಟದಲ್ಲಿ ಚೆಂಡನ್ನು ಸ್ಟಿಕ್ಕಿನ ಚಪ್ಪಟೆ ಮೈಯಿಂದ ಮಾತ್ರ ಮುಟ್ಟಬೇಕು. ಬೆನ್ನಿನ ಕಡೆಯಿಂದ ಮುಟ್ಟುವಂತಿಲ್ಲ. ಕಾಲಿನಿಂದಂತೂ ತಡೆಯಲೇಬಾರದು. ಆ ಸ್ವಾತಂತ್ರ್ಯ ತನ್ನ ಗೋಲಿನ ಮುಂದಿನ ವೃತ್ತದೊಳಗೆ ನಿಂತ ಗೋಲ್‌ಕೀಪರಿಗೆ ಮಾತ್ರ. ಆಟಗಾರರು ಇಂಗ್ಲಿಷಿನ 'ಡಿ' ಅಕ್ಷರದ ಹೆಸರಿನಿಂದ ಕರೆಯುವ ಆ ವೃತ್ತದ ಹೊರಗೆ ಕಾಲು ತಾಕಿದರೆ ಎದುರಾಳಿಗೆ ಒಂದು ಬಿಡಿ ಹೊಡೆತ ಸಿಗುತ್ತದೆ; ಅಷ್ಟಕ್ಕೆ ಮುಗಿಯಿತು. ಆದರೆ ರಕ್ಷಣೆಗೆ ನಿಂತವನ ಕಾಲು ಆ ವೃತ್ತದ ಒಳಗೆ ತಾಕಿತೋ, ಪೆನಾಲ್ಟಿ ಕಾರ್ನರ್ ಎಂಬ ಶಿಕ್ಷೆ ಕಾದಿದೆ. ಆಗ ಗೋಲ್‌ಕೀಪರೂ ಸೇರಿ ಐವರು ಮಾತ್ರ ಗೋಲಿನ ಗೆರೆಯ ಹಿಂದೆ ನಿಲ್ಲಬೇಕು. ಉಳಿದ ಆರು ಜನ ಮೈದಾನದ ನಡುಗೆರೆಯಾಚೆ ಹೋಗಿ ದೇವರ ಧ್ಯಾನ ಮಾಡಬೇಕು. ಎದುರಾಳಿಗಳಲ್ಲಿ ಒಬ್ಬ ಗೆರೆಯಿಂದ ಚೆಂಡನ್ನು ಹೊರಕ್ಕೆ ತಳ್ಳುತ್ತಾನೆ, ಇನ್ನೊಬ್ಬ ವೃತ್ತದ ಅಂಚಿನಲ್ಲಿ ಅದನ್ನು ನಿಲ್ಲಿಸುತ್ತಾನೆ, ಮೂರನೆಯವನು ಬೀಸುತ್ತಾನೆ. 160 ಗ್ರಾಮಿನ ಆಸುಪಾಸಿನ ಆ ಗಟ್ಟಿ ಚೆಂಡಿಗೆ ಎದುರಾಗಿ ಓಡಬೇಕಾದವನು, ಅಂದರೆ ಬಲಗಡೆಯ ಬ್ಯಾಕು, ಆ ಗಳಿಗೆಯಲ್ಲಿ ತನ್ನ ಕುಲದೇವರನ್ನು ಎಷ್ಟು ಹೆಸರಿನಿಂದ ಕರೆಯುತ್ತಾನೆಂಬುದನ್ನು ನಾನು ಬಲ್ಲೆ.

ಈಗ ನಮ್ಮ ತಂಡದ ರಚನೆಯನ್ನು ನೆನೆಸಿಕೊಳ್ಳಿ. ಹನ್ನೊಂದರಲ್ಲಿ ಐವರು ಕಬಡ್ಡಿಯವರು. ಕಬಡ್ಡಿಯಲ್ಲಿ ಕಾಲೇ ಕುಲತಿಲಕ. ಕಾಲು ಚಾಚಿ ಮುಟ್ಟಿದವನಿಗೆ ಅಂಕ. ಕಾಲು ಹಿಡಿದು ಬೀಳಿಸಿದವನಿಗೂ ಅಂಕ. ಏನೇ ಬಂದರೂ ಮೊದಲು ಕಾಲು ಮುಂದಿಡು ಎಂದು ಹತ್ತು ವರ್ಷ ಕಲಿತ ದೇಹ ಅದು. ಚೆಂಡು ಬಂದೊಡನೆ ಸ್ಟಿಕ್ಕು ಬರುವ ಮೊದಲೇ ಕಾಲು ಹಾಜರಾಗಿಬಿಡುತ್ತಿತ್ತು. ಅದರ ಮೇಲೆ ನಮ್ಮ ಮೈದಾನ. ಕೆಂಪು ಗೊರಚು ಮಣ್ಣು, ಕೆರೆಯ ಕಡೆಗೆ ಸ್ವಲ್ಪ ಇಳಿಜಾರು, ಮಳೆ ಬಿದ್ದ ಮೇಲೆ ಕೊರಕಲು, ಬಿಸಿಲು ಬಂದ ಮೇಲೆ ಹರಳು. ನೆಟ್ಟಗೆ ಬಂದ ಚೆಂಡು ಹರಳಿಗೆ ತಗುಲಿ ಚಿಮ್ಮಿದರೆ ಸ್ಟಿಕ್ಕು ಹಿಡಿದವನು ತಾನೆ ಏನು ಮಾಡಿಯಾನು? ಕಾಲು ಕೊಡುತ್ತಾನೆ.

ಮೊದಲ ಪಂದ್ಯ ಈ ಮೈದಾನದಲ್ಲೇ ನಡೆಯಿತು. ಹಾಸನದ ಒಂದು ಕಾಲೇಜಿನ ತಂಡ ಸ್ನೇಹಪಂದ್ಯಕ್ಕೆಂದು ಬಂದಿತ್ತು. ಈಗಿನ ನಿಯಮದಂತೆ 15 ನಿಮಿಷಗಳ ನಾಲ್ಕು ಭಾಗ. ಮೊದಲ ಭಾಗ ಮುಗಿಯುವ ಹೊತ್ತಿಗೆ 3 ಗೋಲು ಆಗಿತ್ತು. ಬೇಲಿಯ ಪಕ್ಕದಲ್ಲಿ ನಿಂತಿದ್ದ ನಮ್ಮವರು ಎರಡನೆಯ ಭಾಗದಲ್ಲಿ ಕೂಗಿ ಹುರಿದುಂಬಿಸಿದರು. ಮೂರನೆಯ ಭಾಗದಲ್ಲಿ ಮೌನವಾದರು. ನಾಲ್ಕನೆಯದರಲ್ಲಿ ಎದುರಾಳಿಗಳಿಗೇ ಚಪ್ಪಾಳೆ ತಟ್ಟತೊಡಗಿದರು. ನಮ್ಮ ಗೋಲ್‌ಕೀಪರು ಹಾಕಿಕೊಂಡಿದ್ದ ಹಳೆಯ ಕಾಲ್ಕವಚದ ಪಟ್ಟಿ ಹರಿದು ಅದನ್ನು ತೆಂಗಿನ ಹುರಿಯಿಂದ ಕಟ್ಟಬೇಕಾಯಿತು. ಅವನು ನಾಲ್ಕೈದು ಹೊಡೆತಗಳನ್ನು ಮೈಯೊಡ್ಡಿ ತಡೆದನೆಂಬುದನ್ನು ಯಾರೂ ಎಣಿಸಲಿಲ್ಲ. ಏಳನ್ನು ಎಲ್ಲರೂ ಎಣಿಸಿದರು.

ಸಂಜೆ ಮೈದಾನದ ಕಟ್ಟೆಯ ಮೇಲೆ ಕುಳಿತು ನಾವೆಲ್ಲ ಒಮ್ಮತದಿಂದ ತೀರ್ಮಾನಿಸಿದ್ದು ನೆಲ ಡೊಂಕು ಎಂದೇ. ನಮ್ಮ ನಾಯಕ ಹೇಳಿದ, ನಾವು ತಲೆದೂಗಿದೆವು. ಆಗ ಹಿಂದೆ ನಿಂತಿದ್ದ ಅಧ್ಯಾಪಕರು ಕೇಳಿದರು: "ಸರಿಯಪ್ಪಾ, ನೆಲ ಡೊಂಕು. ಆ ಹಾಸನದ ಹುಡುಗರೇನು ಬೇರೆ ನೆಲದ ಮೇಲೆ ಆಡಿದರೆ?" ಯಾರೂ ಉತ್ತರ ಕೊಡಲಿಲ್ಲ. ಅವರು ನನ್ನ ಕಡೆ ತಿರುಗಿ, "ನೀನು ಎಕನಾಮಿಕ್ಸ್ ಓದುವವನಲ್ಲವೆ? ಏಳು ಗೋಲೂ ಹೇಗೆ ಹೇಗೆ ಆದವು ಅಂತ ಒಂದು ಪುಸ್ತಕದಲ್ಲಿ ಬರಿ. ನಾಳೆ ನೋಡೋಣ" ಎಂದು ಹೇಳಿ ಸೈಕಲ್ಲು ಹತ್ತಿ ಹೊರಟುಹೋದರು.

ಆ ವಾರ ಊರಿಗೆ ಹೋದಾಗ ಪುಸ್ತಕವನ್ನು ಜೊತೆಯಲ್ಲೇ ಒಯ್ದಿದ್ದೆ. ನಮ್ಮ ತಂದೆಯವರಿಗೆ ಹಾಕಿ ಗೊತ್ತಿಲ್ಲ, ಲೆಕ್ಕ ಗೊತ್ತು. ನಮ್ಮ ಕಡೆಯವರು ಉಂಡೆ ಕೊಬ್ಬರಿ ಮಾಡುವ ಕ್ರಮವನ್ನು ಬಲ್ಲವರು ಬಲ್ಲರು. ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಆಮೇಲೆ ಸುಲಿದು, ಒಡೆದು, ತಿಪಟೂರಿನ ಮಾರುಕಟ್ಟೆಗೆ ಒಯ್ಯಬೇಕು. ಒಡೆದಾಗ ಕೆಲವು ಕೌಟಾಗಿರುತ್ತವೆ. ನಮ್ಮ ತಂದೆಯವರು ಕೌಟಾದವನ್ನು ಒಂದೇ ರಾಶಿಗೆ ಹಾಕುವುದಿಲ್ಲ, ಎರಡು ರಾಶಿ ಮಾಡುತ್ತಾರೆ. ಎಳೆಯ ಕಾಯಿ ಕಿತ್ತದ್ದರಿಂದ ಕೆಟ್ಟದ್ದು ಒಂದು. ಅಟ್ಟ ಸೋರಿ ಕೆಟ್ಟದ್ದು ಇನ್ನೊಂದು. ನಾನು ಪುಸ್ತಕ ಹಿಡಿದು ಕುಳಿತಿದ್ದನ್ನು ನೋಡಿ, "ಎಷ್ಟಕ್ಕೆ ಸೋತ್ರಪ್ಪಾ?" ಎಂದರು. ಹೇಳಿದೆ. "ಏಳೂ ಒಂದೇ ತರದ್ದೋ?" ಎಂದರು. ಆ ಪ್ರಶ್ನೆಗೆ ಕಾಲೇಜಿನಲ್ಲಿ ನನಗೆ ಯಾರೂ ದಾರಿ ತೋರಿಸಿರಲಿಲ್ಲ. "ಕಾಯಿ ದೋಷ ಬೇರೆ, ಅಟ್ಟದ ದೋಷ ಬೇರೆ ಕಣಪ್ಪಾ. ಎರಡೂ ಕಲಸಿಬಿಟ್ರೆ ಮುಂದಿನ ವರ್ಷ ಏನು ಸರಿ ಮಾಡ್ಬೇಕು ಅಂತಲೇ ಗೊತ್ತಾಗಲ್ಲ" ಎಂದು ಹೇಳಿ ಕೆಲಸಕ್ಕೆ ಎದ್ದರು.

ಪುಸ್ತಕದ ಹಾಳೆಯನ್ನು ಎರಡು ಕಲಮಾಗಿ ಗೆರೆ ಎಳೆದೆ. ಎಡಗಡೆ 'ನೆಲದ ಲೆಕ್ಕ', ಬಲಗಡೆ 'ನಮ್ಮ ಲೆಕ್ಕ'. ಆ ಪಂದ್ಯದಲ್ಲಿ ಎದುರಾಳಿಗಳಿಗೆ ನಾವು ಕೊಟ್ಟ ಪೆನಾಲ್ಟಿ ಕಾರ್ನರುಗಳು 11. ಅವುಗಳಲ್ಲಿ 9 ನಮ್ಮವರ ಕಾಲಿನಿಂದ ಬಂದವು. ಏಳು ಗೋಲುಗಳ ಪೈಕಿ 5 ಈ ಕಾರ್ನರುಗಳಿಂದಲೇ ಆದವು. ಒಂದು, ಎದುರಾಳಿಯ ಮುಂದಾಳನ್ನು ಕಾಯಲು ಯಾರೂ ಇಲ್ಲದೆ ಆದದ್ದು. ಇನ್ನೊಂದು ಮಾತ್ರ ಸಾಧುವಾಗಿ ಬರುತ್ತಿದ್ದ ಚೆಂಡು ಹರಳಿಗೆ ತಾಕಿ ಗೋಲ್‌ಕೀಪರಿನ ಭುಜದ ಮೇಲಿಂದ ಹಾರಿ ಆದದ್ದು. ಹರಳಿನಿಂದ ಚಿಮ್ಮಿದ ಚೆಂಡಿಗೆ ಕಾಲು ಕೊಟ್ಟ ಸಂದರ್ಭಗಳನ್ನು ಯಾವ ಕಲಮಿಗೆ ಹಾಕಬೇಕೆಂದು ವಾದವಾಯಿತು. ಹಾಸನದವರಿಗೂ ಅದೇ ಹರಳು ಇತ್ತು, ಅವರು ಕಾಲು ಕೊಡಲಿಲ್ಲ ಎಂಬ ಕಾರಣದಿಂದ ಅವನ್ನು ನಮ್ಮ ಲೆಕ್ಕಕ್ಕೇ ಬರೆದೆವು. ಕೂಡಿ ನೋಡಿದರೆ ನೆಲದ ಲೆಕ್ಕಕ್ಕೆ 1, ನಮ್ಮ ಲೆಕ್ಕಕ್ಕೆ 6. ಅಂದರೆ ನೆಲ ಡೊಂಕೆಂಬುದು ಏಳರಲ್ಲಿ ಒಂದು ಪಾಲು ಸತ್ಯ.

ಮರುವಾರದಿಂದ ಅಭ್ಯಾಸದ ಕ್ರಮ ಬದಲಾಯಿತು. ಅಧ್ಯಾಪಕರು ಎಲ್ಲರ ಬೂಟುಗಳನ್ನೂ ಬಿಚ್ಚಿಸಿದರು. ಬರಿಗಾಲಿನಲ್ಲಿ ನಿಲ್ಲಿಸಿ, ಚೆಂಡನ್ನು ಮೆಲ್ಲನೆ ತಳ್ಳುತ್ತ, ಸ್ಟಿಕ್ಕಿನಿಂದ ತಡೆಯಿರಿ ಎಂದರು. ಬೂಟಿನೊಳಗಿನ ಕಾಲಿಗೆ ಧೈರ್ಯ ಹೆಚ್ಚು. ಬರಿಗಾಲಿಗೆ ವಿವೇಕ ಹೆಚ್ಚು. ಮೆಲ್ಲನೆ ಬಂದರೂ ಆ ಚೆಂಡು ಹೆಬ್ಬೆರಳಿಗೆ ಒಮ್ಮೆ ತಾಕಿದರೆ ಸಾಕು, ಎರಡನೆಯ ಸಲ ಕಾಲು ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ. ಮೂರು ದಿನಗಳಲ್ಲಿ ಕಬಡ್ಡಿಯವರ ಕಾಲುಗಳು ಹೊಸ ನಿಯಮವನ್ನು ಕಲಿತವು. ಆಮೇಲೆ ಬೆನ್ನಿನ ಸರದಿ. ಚೆಂಡು ನೆಲದಲ್ಲಿ, ಸ್ಟಿಕ್ಕು ಸೊಂಟದಲ್ಲಿ ಇದ್ದರೆ ಎರಡಕ್ಕೂ ಭೇಟಿಯಾಗುವುದು ಹೇಗೆ? "ನಿಮ್ಮ ಅವ್ವಂದಿರು ರಾಗಿ ಹೊಲದಲ್ಲಿ ಕಳೆ ಕೀಳೋದನ್ನ ನೋಡಿಲ್ವೇನ್ರೋ? ಬೆಳಿಗ್ಗೆ ಬಗ್ಗಿದರೆ ಸಾಲು ಮುಗಿಯೋವರೆಗೂ ಎತ್ತಲ್ಲ. ನಿಮಗೆ ಹದಿನೈದು ನಿಮಿಷ ಬಗ್ಗೋಕಾಗಲ್ವೆ?" ಎಂದು ಅವರು ಕೇಳಿದಾಗ ನಗು ಬಂದರೂ ನಾಚಿಕೆಯೂ ಆಯಿತು. ಸ್ಟಿಕ್ಕನ್ನು ನೆಲಕ್ಕೆ ತಾಗಿಸಿಟ್ಟುಕೊಂಡು ಬಗ್ಗಿ ಓಡುವುದನ್ನು ನಾವು 'ಕಳೆ ಕೀಳುವುದು' ಎಂದೇ ಕರೆಯತೊಡಗಿದೆವು. ಮೈದಾನದಲ್ಲಿ ಒಬ್ಬ ನೆಟ್ಟಗೆ ನಿಂತರೆ ಉಳಿದವರು "ಕಳೆ, ಕಳೆ!" ಎಂದು ಕೂಗುವರು. ನೋಡುತ್ತ ನಿಂತವರಿಗೆ ಇದೇನು ಮಂತ್ರವೋ ಎಂದು ಆಶ್ಚರ್ಯ.

ಎರಡನೆಯ ಪಂದ್ಯಕ್ಕೆ ನಾವೇ ಹಾಸನಕ್ಕೆ ಹೋದೆವು. 40 ಕಿಲೋಮೀಟರಿಗೂ ಕಡಿಮೆ ದಾರಿ. ಬಸ್ಸಿನಲ್ಲಿ ಸ್ಟಿಕ್ಕುಗಳ ಕಟ್ಟನ್ನು ಕಂಡು ಕಂಡಕ್ಟರು, "ಎಲ್ಲಿ ಜಗಳ?" ಎಂದು ಕೇಳಿದ. ಈ ಬಾರಿ ಬೇರೊಂದು ಕಾಲೇಜು. ಬೇರೊಂದು ಮಣ್ಣಿನ ಮೈದಾನ, ನಮ್ಮದಕ್ಕಿಂತ ಸಮನಾದದ್ದು. 1-4ರಿಂದ ಸೋತೆವು. ನಮ್ಮ ರಾಮನಾಥಪುರದ ಗೆಳೆಯ ಹೊಡೆದ ಒಂದು ಗೋಲು ನಮ್ಮ ತಂಡದ ಚರಿತ್ರೆಯಲ್ಲಿ ಮೊದಲನೆಯದು. ಪುಸ್ತಕ ಹೇಳಿದ್ದಿಷ್ಟು: ಕೊಟ್ಟ ಪೆನಾಲ್ಟಿ ಕಾರ್ನರುಗಳು 11ರಿಂದ 6ಕ್ಕೆ ಇಳಿದವು. ಅವುಗಳಲ್ಲಿ ಕಾಲಿನಿಂದ ಬಂದವು 3. ನಾಲ್ಕು ಗೋಲುಗಳಲ್ಲಿ 2 ಕಾರ್ನರಿನಿಂದ ಆದವು. ಉಳಿದ 2 ಕೊನೆಯ ಹತ್ತು ನಿಮಿಷಗಳಲ್ಲಿ, ನಮ್ಮ ಕಾಲುಗಳು ಸೋತು ನಿಂತಾಗ ಆದವು. ನೆಲದ ಲೆಕ್ಕಕ್ಕೆ ಸೊನ್ನೆ, ನಮ್ಮ ಲೆಕ್ಕಕ್ಕೆ 4.

ಆದರೆ ಪುಸ್ತಕವನ್ನು ಓದುವವರು ಹನ್ನೊಂದು ಜನ. ಫಲಿತಾಂಶವನ್ನು ಓದುವವರು ಕಾಲೇಜಿಗೆ ಕಾಲೇಜೇ. ಎರಡು ಪಂದ್ಯಗಳಲ್ಲಿ ಕೊಟ್ಟ ಗೋಲು 11, ಹೊಡೆದದ್ದು 1. ಇಷ್ಟಕ್ಕೆ ಬಸ್ಸಿನ ಖರ್ಚು, ಚೆಂಡಿನ ಖರ್ಚು ಏಕೆ, ಆ ಹಣವನ್ನು ಕಬಡ್ಡಿಗೆ ಕೊಟ್ಟರೆ ಬಹುಮಾನವಾದರೂ ಬಂದೀತು ಎಂಬ ಮಾತು ಎದ್ದಿತು. ಮಾತನಾಡಿದವರು ನಮ್ಮ ವೈರಿಗಳೇನಲ್ಲ; ನಮ್ಮ ಹಾಗೆಯೇ ಕಾಲೇಜಿನ ಗೌರವ ಬಯಸುವವರು. ಅವರ ವಾದದಲ್ಲಿ ಹುರುಳೂ ಇತ್ತು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಿಂದ ಕಬಡ್ಡಿಗೆ ಪದಕವುಂಟು. ನಮ್ಮ ನಾಡಿನ ಬಿ. ಸಿ. ರಮೇಶರಂಥ ಆಟಗಾರರು ಅದರಲ್ಲಿ ಅರ್ಜುನ ಪ್ರಶಸ್ತಿಯವರೆಗೆ ಏರಿದ್ದಾರೆ; ನಮ್ಮ ಮಣ್ಣಿಗೆ ಒಗ್ಗಿದ ಆಟ. ಮೂರನೆಯ ಪಂದ್ಯದ ನಂತರ ಕ್ರೀಡಾ ಸಮಿತಿ ಕುಳಿತು, ಹಾಕಿ ತಂಡವನ್ನು ಅಂತರ ಕಾಲೇಜು ಪಂದ್ಯಾವಳಿಗೆ ಕಳುಹಿಸಬೇಕೋ ಬೇಡವೋ ನಿರ್ಧರಿಸುವುದೆಂದಾಯಿತು. ನನ್ನಂತೆ ಕೊನೆಯ ವರ್ಷದಲ್ಲಿರುವ ನಾಲ್ವರಿಗೆ ಬೇಡವೆಂದರೆ ಮುಂದಿನ ವರ್ಷವೆಂಬುದೇ ಇರಲಿಲ್ಲ.

ಆ ದಿನಗಳಲ್ಲಿ ವಾಚನಾಲಯದಲ್ಲಿ ಕುಳಿತು ನಾನು ಹುಡುಕಿ ಓದಿದ್ದು ಹಾಕಿಯ ಸೋಲುಗಳನ್ನು. ಗೆಲುವುಗಳನ್ನು ಎಲ್ಲರೂ ಬರೆದಿಟ್ಟಿರುತ್ತಾರೆ. ಟೋಕಿಯೊ ಒಲಿಂಪಿಕ್ಸ್ 2020ರ ಬದಲು 2021ರಲ್ಲಿ ನಡೆದಾಗ ನಮ್ಮ ದೇಶದ ಪುರುಷರ ತಂಡ ತನ್ನ ಎರಡನೆಯ ಪಂದ್ಯದಲ್ಲಿಯೇ ಆಸ್ಟ್ರೇಲಿಯಕ್ಕೆ 1-7ರಿಂದ ಸೋತಿತು. ಏಳು! ಅದನ್ನು ಓದಿ ನನಗೆ ನೆಂಟರು ಸಿಕ್ಕಷ್ಟು ಸಂತೋಷವಾಯಿತು. ಅದೇ ತಂಡ ಮುಂದೆ ಸ್ಪೇನ್, ಅರ್ಜೆಂಟೀನಾ, ಜಪಾನ್, ಬ್ರಿಟನ್ ತಂಡಗಳನ್ನು ಸೋಲಿಸಿತು. ನಾಲ್ಕರ ಘಟ್ಟದಲ್ಲಿ ಬೆಲ್ಜಿಯಮ್ಮಿಗೆ ಸೋತರೂ, ಜರ್ಮನಿಯನ್ನು 5-4ರಿಂದ ಗೆದ್ದು ಕಂಚಿನ ಪದಕ ತಂದಿತು. 1980ರ ನಂತರ, 41 ವರ್ಷಗಳ ಮೇಲೆ, ಒಲಿಂಪಿಕ್ ಹಾಕಿಯಲ್ಲಿ ನಮಗೆ ದೊರೆತ ಪದಕ ಅದು. ಆ ಕೊನೆಯ ಪಂದ್ಯದಲ್ಲಿ ಇನ್ನು ಕೆಲವೇ ಸೆಕೆಂಡುಗಳಿರುವಾಗ ಜರ್ಮನಿಗೆ ಒಂದು ಪೆನಾಲ್ಟಿ ಕಾರ್ನರ್ ಸಿಕ್ಕಿತು. ಗೋಲ್‌ಕೀಪರ್ ಶ್ರೀಜೇಶ್ ಅದನ್ನು ತಡೆದರು. ಮಹಿಳೆಯರ ತಂಡದ ಕಥೆ ಇನ್ನೂ ಬೋಧಪ್ರದ. ಅವರು ಮೊದಲ ಮೂರು ಪಂದ್ಯಗಳನ್ನೂ ಸೋತರು: ನೆದರ್ಲೆಂಡ್ಸಿಗೆ 1-5, ಜರ್ಮನಿಗೆ 0-2, ಬ್ರಿಟನ್ನಿಗೆ 1-4. ಆಮೇಲೆ ಐರ್ಲೆಂಡನ್ನೂ ದಕ್ಷಿಣ ಆಫ್ರಿಕವನ್ನೂ ಗೆದ್ದು, ಎಂಟರ ಘಟ್ಟದಲ್ಲಿ ಆಸ್ಟ್ರೇಲಿಯವನ್ನು 1-0ರಿಂದ ಮಣಿಸಿ, ನಾಲ್ಕನೆಯ ಸ್ಥಾನಕ್ಕೇರಿದರು. ಆ ಒಂದು ಗೋಲು ಗುರ್ಜಿತ್ ಕೌರ್ ಪೆನಾಲ್ಟಿ ಕಾರ್ನರಿನಿಂದ ಹೊಡೆದದ್ದು.

ಅವರೆಲ್ಲಿ, ನಾವೆಲ್ಲಿ ಎಂದು ನೀವು ನಗಬಹುದು. ನಾನು ಹೋಲಿಸುತ್ತಿರುವುದು ಆಟವನ್ನಲ್ಲ, ಲೆಕ್ಕವನ್ನು. ಮೂರನೆಯ ಪಂದ್ಯದ ನಂತರ ಯಾರಾದರೂ ಸಮಿತಿ ಕೂಡಿಸಿ ಆ ಹೆಣ್ಣುಮಕ್ಕಳನ್ನು ಊರಿಗೆ ಕಳುಹಿಸಿದ್ದರೆ ನಾಲ್ಕನೆಯದು ನಡೆಯುತ್ತಿರಲಿಲ್ಲ.

ಹಾಗೆಂದು ನೆಲದ ಲೆಕ್ಕವನ್ನು ಅಲಕ್ಷಿಸುವಂತಿಲ್ಲ. ಹಾಕಿಯ ಚರಿತ್ರೆಯಲ್ಲಿ ಅದು ಬಹು ದೊಡ್ಡ ಲೆಕ್ಕ. 1975ರಲ್ಲಿ ಭಾರತ ಕೌಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಗೆದ್ದು ವಿಶ್ವಕಪ್ ಪಡೆಯಿತು, ಕೊಡಗಿನ ಬಿ. ಪಿ. ಗೋವಿಂದ ಆ ತಂಡದಲ್ಲಿದ್ದರು. ಮರುವರ್ಷವೇ, 1976ರಲ್ಲಿ, ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಹಾಕಿಯನ್ನು ಕೃತಕ ಹುಲ್ಲಿನ ಮೇಲೆ ಆಡಿಸಿದರು. 1928ರಿಂದ ಅಲ್ಲಿಯವರೆಗೆ ಪ್ರತಿ ಒಲಿಂಪಿಕ್ಸಿನಿಂದಲೂ ಪದಕ ತಂದಿದ್ದ ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಒಂದು ವರ್ಷದಲ್ಲಿ ಅಷ್ಟು ಜನಕ್ಕೂ ಆಟ ಮರೆತುಹೋಯಿತೆ? ನೆಲ ಬದಲಾದದ್ದೂ ಒಂದು ದೊಡ್ಡ ಕಾರಣವೆಂದು ಬಲ್ಲವರು ಹೇಳುತ್ತಾರೆ. ಮಣ್ಣಿನ ಮೇಲೆ, ಹುಲ್ಲಿನ ಮೇಲೆ ಚೆಂಡನ್ನು ಓಲೈಸುತ್ತ ಕೊಂಡೊಯ್ಯುವ ಕೈಚಳಕಕ್ಕಿಂತ ಆ ಹೊಸ ನೆಲದ ಮೇಲೆ ವೇಗಕ್ಕೂ ಮೈಕಸುವಿಗೂ ಬೆಲೆ ಹೆಚ್ಚು. ಅಂಥ ನೆಲ ಹಾಸಲು ಕೋಟಿಗಟ್ಟಲೆ ಹಣ ಬೇಕು. ಅದು ಇದ್ದವರ ಮಕ್ಕಳು ದಿನವೂ ಅದರ ಮೇಲೆ ಓಡುತ್ತಾರೆ, ಇಲ್ಲದವರು ಪಂದ್ಯದ ದಿನ ಮೊದಲ ಬಾರಿಗೆ ಅದನ್ನು ಮೆಟ್ಟುತ್ತಾರೆ.

ನಮ್ಮ ಮೂರನೆಯ ಪಂದ್ಯದಲ್ಲಿ ಆದದ್ದೂ ಇದೇ. ಕೊಡಗಿನ ಒಂದು ಊರಿನಿಂದ ಸ್ನೇಹಪಂದ್ಯಕ್ಕೆ ಆಹ್ವಾನ ಬಂದಿತ್ತು; ಮೈದಾನ ಕೃತಕ ಹುಲ್ಲಿನದು. ಹೊರಡುವ ಮುನ್ನ ಒಂದು ಕೊರತೆ ಕಾಡುತ್ತಿತ್ತು. ಪೆನಾಲ್ಟಿ ಕಾರ್ನರಿಗೆ ಎದುರು ಓಡುವವರು ಮುಖಕ್ಕೆ ಹಾಕಿಕೊಳ್ಳುವ ರಕ್ಷೆ ನಮ್ಮಲ್ಲಿದ್ದದ್ದು ಒಂದೇ. "ಮುಖರಕ್ಷೆ ಇಲ್ಲದೆ ಒಬ್ಬನೂ ಓಡಕೂಡದು, ಗೋಲು ಹೋದರೆ ಹೋಗಲಿ" ಎಂದು ಅಧ್ಯಾಪಕರು ಕಡ್ಡಾಯ ಮಾಡಿದ್ದರು. ಅಧ್ಯಾಪಕರ ಕೊಠಡಿಯಲ್ಲಿ ಈ ಮಾತು ಹೇಗೋ ಹರಡಿ, ಹೊರಡುವ ಹಿಂದಿನ ದಿನ ಇನ್ನು ಮೂರು ಬಂದವು. ಹಣ ಕೊಟ್ಟವರು ಯಾರೆಂದು ನಮಗೆ ಇಂದಿಗೂ ಹೇಳಿಲ್ಲ. ಕನ್ನಡ, ಇತಿಹಾಸ, ಅರ್ಥಶಾಸ್ತ್ರ ಮೂರೂ ವಿಭಾಗಗಳ ಮೇಲೆ ನಮಗೆ ಅನುಮಾನವಿದೆ.

ಆ ಮೈದಾನಕ್ಕೆ ಆಟಕ್ಕೆ ಮೊದಲು ನೀರು ಚಿಮುಕಿಸಿದ್ದರು. ಹಸಿರು ಜಮಖಾನೆ ಹಾಸಿದಂತಿತ್ತು. ಹರಳಿಲ್ಲ, ಕೊರಕಲಿಲ್ಲ, ಇಳಿಜಾರಿಲ್ಲ. ಇಂಥ ನೆಲವನ್ನು ಡೊಂಕೆನ್ನುವುದು ಹೇಗೆ? ಆದರೆ ಮೊದಲ ಭಾಗದಲ್ಲಿ ಅದೇ ನಮಗೆ ಪರಮ ಡೊಂಕಾಯಿತು. ನಮ್ಮ ಮಣ್ಣಿನಲ್ಲಿ ಹತ್ತು ಮಾರು ಹೋಗಿ ನಿಲ್ಲುತ್ತಿದ್ದ ಹೊಡೆತ ಇಲ್ಲಿ ಮೂವತ್ತು ಮಾರು ಹೋಗಿ ಗೆರೆ ದಾಟುತ್ತಿತ್ತು. ನಾವು ನಿಂತಲ್ಲಿ ಚೆಂಡಿರಲಿಲ್ಲ, ಚೆಂಡಿದ್ದಲ್ಲಿ ನಾವಿರಲಿಲ್ಲ. 15 ನಿಮಿಷಗಳಲ್ಲಿ 2 ಗೋಲು. ಬಿಡುವಿನಲ್ಲಿ ಯಾರೂ ಮಾತನಾಡಲಿಲ್ಲ. ಅಧ್ಯಾಪಕರು ಒಂದೇ ಮಾತು ಹೇಳಿದರು: "ಚೆಂಡು ಬೇಗ ಬರ್ತದೆ. ಬೇಗ ಬಗ್ಗಿ."

ಆಮೇಲಿನ 45 ನಿಮಿಷ ನಮ್ಮ ಮೇಲೆ ಒಂದು ಗೋಲೂ ಆಗಲಿಲ್ಲ. ಎರಡು ಪೆನಾಲ್ಟಿ ಕಾರ್ನರುಗಳನ್ನು ಕೊಟ್ಟೆವು. ಎರಡೂ ಕಾಲಿನಿಂದ ಬಂದವಲ್ಲ. ಒಂದನ್ನು ಗೋಲ್‌ಕೀಪರು ಮಲಗಿ ತಡೆದ. ಇನ್ನೊಂದು ನಾನು ಓಡಿಹೋಗಿ ನೆಲಕ್ಕೆ ಚಾಚಿದ ಸ್ಟಿಕ್ಕಿಗೆ ತಾಕಿ ಪಕ್ಕಕ್ಕೆ ಹೋಯಿತು. ಕೈ ಮೊಣಕೈಯವರೆಗೆ ಜುಮ್ಮೆಂದಿತು. ಆ ಜುಮ್ಮು ನನಗೆ ಪದವಿ ಪತ್ರಕ್ಕಿಂತ ಕಡಿಮೆಯದೆನಿಸಲಿಲ್ಲ. ಕೊನೆಯ ಭಾಗದಲ್ಲಿ ಎದುರಾಳಿ ಬ್ಯಾಕಿನ ಕಾಲಿಗೆ, ಹೌದು, ಕಾಲಿಗೆ ಚೆಂಡು ತಾಗಿ ನಮಗೊಂದು ಕಾರ್ನರ್ ಸಿಕ್ಕಿತು. ರಾಮನಾಥಪುರದ ಗೆಳೆಯ ಅದನ್ನು ಹಲಗೆಗೆ ತಟ್ಟುವಂತೆ ಹೊಡೆದ. ಹಲಗೆಯ ಆ ಸದ್ದು ಕೇಳಿ ಬೇಲಿಯಾಚೆ ನಿಂತಿದ್ದ ಕೊಡಗಿನ ಹಿರಿಯರೊಬ್ಬರು, "ಯಾವ ಊರು ಮಕ್ಕಳೇ?" ಎಂದು ಕೇಳಿದರು. ಚನ್ನರಾಯಪಟ್ಟಣ ಎಂದೆವು. "ಅಲ್ಲಿಯೂ ಆಡುತ್ತಾರೆಯೆ!" ಎಂದರು. 1-2ರಿಂದ ಸೋತ ತಂಡ ಹಿಂದಿರುಗುವ ಬಸ್ಸಿನಲ್ಲಿ ಹಾಡಿಕೊಂಡು ಬಂದಿತೆಂದರೆ ನಮ್ಮ ಕಾಲೇಜಿನವರು ನಂಬಲಿಲ್ಲ.

ಆ ರಾತ್ರಿ ಪುಸ್ತಕಕ್ಕೆ ಬರೆದೆ. ಎರಡೂ ಗೋಲುಗಳು ನೆಲದ ಲೆಕ್ಕಕ್ಕೆ. ನಮ್ಮ ಲೆಕ್ಕಕ್ಕೆ ಸೊನ್ನೆ. ಮೂರು ಪಂದ್ಯಗಳಲ್ಲಿ ನಮ್ಮ ಲೆಕ್ಕ 6, 4, 0. ನೆಲದ ಲೆಕ್ಕ 1, 0, 2.

ಕ್ರೀಡಾ ಸಮಿತಿಯ ಸಭೆಯಲ್ಲಿ ನಮ್ಮ ನಾಯಕ ಭಾಷಣ ಮಾಡಲಿಲ್ಲ. ಈ ಎರಡು ಸಾಲು ಅಂಕೆಗಳನ್ನು ಕರಿಹಲಗೆಯ ಮೇಲೆ ಬರೆದು ಕುಳಿತುಬಿಟ್ಟ. ಪ್ರಿನ್ಸಿಪಾಲರು ಬಹಳ ಹೊತ್ತು ಅದನ್ನೇ ನೋಡಿ, "ಮೊದಲ ಸಾಲು ನಿಮ್ಮ ಕೆಲಸ. ಮಾಡಿದ್ದೀರಿ. ಎರಡನೆಯ ಸಾಲು ಯಾರ ಕೆಲಸ?" ಎಂದು ಕೇಳಿದರು. ಯಾರೂ ಉತ್ತರಿಸಲಿಲ್ಲ. ಕೊನೆಗೆ ಅವರೇ, ಪಂದ್ಯಾವಳಿಗೆ ಎರಡು ದಿನ ಮೊದಲೇ ತಂಡವನ್ನು ಕಳುಹಿಸಿ, ಅಲ್ಲಿನ ಮೈದಾನದಲ್ಲಿ ಅಭ್ಯಾಸಕ್ಕೆ ಅನುಮತಿ ಕೇಳೋಣ ಎಂದರು. ಕಬಡ್ಡಿಯ ಪಾಲಿನಿಂದ ಒಂದು ಕಾಸೂ ತೆಗೆಯುವುದಿಲ್ಲವೆಂದೂ, ಉಳಿದ ಖರ್ಚಿಗೆ ಆಟಗಾರರೇ ಅರ್ಧ ಹೊಣೆಯೆಂದೂ ತೀರ್ಮಾನವಾಯಿತು. ಕಬಡ್ಡಿಯ ನಾಯಕ ಎದ್ದು, ನಮ್ಮ ಐವರನ್ನು ಪಂದ್ಯಾವಳಿ ಮುಗಿದೊಡನೆ ಹಿಂದಿರುಗಿಸಬೇಕು, ಕಾಲು ಬಳಸುವುದನ್ನು ಮರೆಸಿ ಕಳುಹಿಸಕೂಡದು ಎಂದಾಗ ಸಭೆಯೆಲ್ಲ ನಕ್ಕಿತು.

ಮರುದಿನ ಸಂಜೆ ಮೈದಾನದಲ್ಲಿ ಪ್ರಥಮ ವರ್ಷದ ಇಬ್ಬರು ವಿದ್ಯಾರ್ಥಿನಿಯರು ಬಂದು ನಿಂತರು. ಸ್ವಲ್ಪ ಹೊತ್ತು ನೋಡಿ, "ಅಣ್ಣಾ, ನೀವು ಬಗ್ಗೋದು ಸರಿಯಿಲ್ಲ. ಕಳೆ ಕೀಳೋವಾಗ ಸೊಂಟ ಬಗ್ಗಿಸಲ್ಲ, ಮಂಡಿ ಬಗ್ಗಿಸ್ತಾರೆ" ಎಂದರು. ಸ್ಟಿಕ್ಕು ಕೊಟ್ಟೆವು. ಅವರು ಬಗ್ಗಿದ ರೀತಿಯನ್ನು ನೋಡಿ ಅಧ್ಯಾಪಕರು ನಮ್ಮ ಕಡೆ ತಿರುಗಿ ನೋಡಿದ ನೋಟವನ್ನು ಇಲ್ಲಿ ವರ್ಣಿಸಲಾರೆ. ಈಗ ಬರುವವರು ಇಬ್ಬರಲ್ಲ, ಆರು ಮಂದಿ.

ನಾನು ಇದನ್ನು ಬರೆಯುತ್ತಿರುವಾಗ ಅಂತರ ಕಾಲೇಜು ಪಂದ್ಯಾವಳಿ ಇನ್ನೂ ಮುಂದಿದೆ. ಈ ಸಂಚಿಕೆ ಅಚ್ಚಾಗಿ ನಿಮ್ಮ ಕೈ ಸೇರುವ ಹೊತ್ತಿಗೆ ಮುಗಿದಿರುತ್ತದೆ. ನಾವು ಗೆದ್ದಿರಬಹುದು, ಸೋತಿರಬಹುದು; ಹಾಸ್ಟೆಲಿನ ಬಾಗಿಲಿನಲ್ಲಿ ಹೊಸ ಅಂಕೆಯೊಂದು ಹಾಸ್ಯವಾಗಿ ಮೊಳಗುತ್ತಿರಬಹುದು. ಅದಕ್ಕೆ ಬೇಸರವಿಲ್ಲ. ಮಿತ್ರರಲ್ಲಿ ನನ್ನ ವಿನಂತಿ ಒಂದೇ. ದಾರಿಯಲ್ಲಿ ಸಿಕ್ಕಾಗ "ಎಷ್ಟು ಗೋಲು?" ಎಂದು ಕೇಳಿ ಹೋಗಿಬಿಡಬೇಡಿ, "ಹೇಗಾಯಿತು?" ಎಂದೂ ಕೇಳಿ. ಪುಸ್ತಕ ನನ್ನ ಚೀಲದಲ್ಲೇ ಇರುತ್ತದೆ.